ಹೂಡೆಯ ಮದುವೆಯಲ್ಲಿ ಸಸ್ಯಾಹಾರಿ

ನಮ್ಮ ಮನೆಯಲ್ಲಿ ಮಾಂಸ ಕಡಿಮೆಯಾಗಲು ಕಾರಣ ಗಂಡನ ರಕ್ತಪರೀಕ್ಷೆಯ ವರದಿ. ಆಗ ಅವರಿಗೆ ಐವತ್ತೆರಡು ವರ್ಷ. ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಇಡೀ ದಿನ ಕುರ್ಚಿಯಲ್ಲಿ ಕೂರುವ ಕೆಲಸ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ ಎಂದು ಡಾಕ್ಟರರಲ್ಲಿಗೆ ಹೋದೆವು. ಅವರು ವರದಿಯನ್ನು ಮೇಲಿಂದ ಕೆಳಗಿನವರೆಗೆ ಓದಿ, "ಕುರಿ ಮಾಂಸ ಬಿಡಿ. ಕೋಳಿ ಅಪರೂಪಕ್ಕೊಮ್ಮೆ ಸಾಕು. ಮೀನು ತಿನ್ನಿ, ಆದರೆ ಹುರಿದದ್ದು ಬೇಡ" ಎಂದರು. ಗಂಡ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, "ಹಾಗಾದರೆ ಇನ್ನು ತಿನ್ನಲಿಕ್ಕೆ ಎಂತ ಉಂಟು?" ಎಂದು ಕೇಳಿದರು. ಅವರು ನನ್ನನ್ನೇ ಕೇಳಿದ್ದರು. ಅಡುಗೆ ಮಾಡುವವಳು ನಾನಲ್ಲವೇ.

ನಾನು ಕಾಪುವಿನವಳು. ತವರು ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಬೂತಾಯಿಯೋ ಬಂಗುಡೆಯೋ ಇಲ್ಲದ ಮಧ್ಯಾಹ್ನ ನಮ್ಮಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಇರುತ್ತಿದ್ದವೇನೋ. ಮೀನಿಲ್ಲದ ದಿನ ಅಪ್ಪ ಅರ್ಧ ಊಟಕ್ಕೇ ಕೈತೊಳೆದು ಎದ್ದುಬಿಡುತ್ತಿದ್ದರು. ಭಾನುವಾರ ಕೋಳಿ. ಹಬ್ಬ ಕಳೆದ ಮರುದಿನವಂತೂ ಖಂಡಿತ ಕೋಳಿ. ಮದುವೆಯಾಗಿ ಉಡುಪಿಗೆ ಬಂದ ಮೇಲೂ ಇದರಲ್ಲಿ ಏನೂ ಬದಲಾಗಲಿಲ್ಲ. ಗಂಡನ ಮನೆಯವರೂ ನಮ್ಮ ಹಾಗೆಯೇ ತಿನ್ನುವವರು.

ಆದ್ದರಿಂದ ಡಾಕ್ಟರರ ಮಾತನ್ನು ಒಂದೇ ದಿನದಲ್ಲಿ ಪಾಲಿಸಲು ನನ್ನಿಂದಾಗಲಿಲ್ಲ. ಮೊದಲು ಕುರಿ ಮಾಂಸ ನಿಂತಿತು. ಮೊದಲೂ ನಾವು ಅದನ್ನು ತರುತ್ತಿದ್ದದ್ದು ತಿಂಗಳಿಗೊಮ್ಮೆ, ಹಾಗಾಗಿ ಬಿಡುವುದು ಕಷ್ಟವಾಗಲಿಲ್ಲ. ಸೋಮವಾರದ ಒಪ್ಪತ್ತು ಮೊದಲಿನಿಂದಲೂ ಇತ್ತು, ಅದಕ್ಕೆ ಗುರುವಾರವನ್ನು ಸೇರಿಸಿದೆ. ಆಮೇಲೆ ಶನಿವಾರ. ಭಾನುವಾರದ ಕೋಳಿ ಎರಡು ವಾರಕ್ಕೊಮ್ಮೆ ಆಯಿತು. ಕೋಳಿ ಸುಕ್ಕದ ಮಸಾಲೆಯನ್ನೇ ಮಟ್ಟುಗುಳ್ಳ ಬದನೆಗೆ ಹಾಕಿ, ತೆಂಗಿನಕಾಯಿ ಹುರಿದು, ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮಾಡಿದ ದಿನ ಗಂಡ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಒಂದು ವರ್ಷ ಕಳೆಯುವುದರೊಳಗೆ ನಮ್ಮ ಫ್ರಿಜ್ಜಿನ ವಾಸನೆ ಬದಲಾಗಿತ್ತು. ನನಗೂ ಮಧ್ಯಾಹ್ನದ ತೂಕಡಿಕೆ ಹೋಯಿತು. ಕಾಲಿನ ಊತ ಇಳಿಯಿತು. ಆದರೂ ವಾರಕ್ಕೆ ಮೂರು ದಿನ ಮೀನು ಇದ್ದೇ ಇತ್ತು. ಕೋಳಿಯೂ ಇತ್ತು, ಎರಡು ವಾರಕ್ಕೊಮ್ಮೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಚಿಕೆಯ ಸಂಗತಿ ಶುರುವಾದದ್ದು ನಾನು ಕೆಲಸ ಮಾಡುವಲ್ಲಿ.

ನಾನು ಮಣಿಪಾಲದಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತೇನೆ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲನ್ನು ಜೋಡಿಸುತ್ತೇವೆ. ಜೋಡಿಸುವುದು ನನ್ನ ಕೆಲಸ. ಕೊನೆಗೆ ಉಜ್ಜಿ ಹೊಳಪು ಕೊಡುವ ಕೆಲಸ ನನ್ನ ಪಕ್ಕದ ಮೇಜಿನವರದು. ಅವರು ಹೂಡೆಯ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು, ನನಗಿಂತ ಆರು ವರ್ಷ ದೊಡ್ಡವರು. ನಾನು ಸೇರುವ ಮೊದಲೇ ಅಲ್ಲಿದ್ದರು. ದಿನವೂ ಕೆಮ್ಮಣ್ಣು ಎಂಬ ಊರಿನ ಮೇಲಾಗಿ ಬರುವ ಬಸ್ಸಿನಲ್ಲಿ ಬಂದು, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಮಣಿಪಾಲಕ್ಕೆ ಬರುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು 'ನೀನು' ಎಂದೇ ಕರೆಯುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹದಿನೆಂಟು ವರ್ಷ ನಾವಿಬ್ಬರೂ ಮಧ್ಯಾಹ್ನದ ಬುತ್ತಿಯನ್ನು ಒಟ್ಟಿಗೆ ಬಿಚ್ಚಿದವರು. ಅವರ ಅಕ್ಕಿ ರೊಟ್ಟಿಯಂಥ ಪತ್ತಿರಿ, ಅಕ್ಕಿಯುಂಡೆಯ ಪುಂಡಿ, ಕೋಳಿ ಸಾರು. ನನ್ನ ಹುಳಿಖಾರದ ಬೂತಾಯಿ ಪುಳಿಮುಂಚಿ. ಅದು ಅವರಿಗೆ ಎಷ್ಟು ಇಷ್ಟವೆಂದರೆ ಕೆಲವು ಸಲ ಮೀನನ್ನು ಬಿಟ್ಟು ಬರೀ ಸಾರನ್ನೇ ಬೆರಳಲ್ಲಿ ಬಳಿದು ತಿನ್ನುತ್ತಿದ್ದರು. ನನ್ನ ಮಗಳು ಹುಟ್ಟುವ ಮೊದಲು ನನಗೆ ಯಾವ ಊಟವೂ ಸೇರುತ್ತಿರಲಿಲ್ಲ. ಆಗ ಅವರು ಎರಡು ತಿಂಗಳು ದಿನಾ ಪತ್ತಿರಿ ತಂದು ಕೊಟ್ಟಿದ್ದರು. ಅವರ ಮನೆಯ ಪೆರ್ನಾಲ್ ಹಬ್ಬಕ್ಕೆ ನಾವು ಮನೆಮಂದಿಯೆಲ್ಲ ಹೋಗಿ ಬಿರಿಯಾನಿ ಉಂಡು ಬಂದದ್ದುಂಟು.

ನಮ್ಮ ಮನೆಯಲ್ಲಿ ಮಾಂಸ ಕಡಿಮೆಯಾದ ಸುದ್ದಿಯನ್ನು ನಾನು ಮೊದಲು ಹೇಳಿದ್ದೂ ಅವರಿಗೇ. "ಒಳ್ಳೆಯದಾಯಿತು ಮಾರಾಯ್ತಿ. ಗಂಡನ ಆರೋಗ್ಯ ನೋಡು" ಎಂದರು. ಮರುದಿನದಿಂದಲೇ ನನ್ನ ಸೋಮವಾರ, ಗುರುವಾರ, ಶನಿವಾರಗಳು ಅವರಿಗೆ ಬಾಯಿಪಾಠ. ಬಸಳೆಗೆ ಒಣ ಸಿಗಡಿ ಹಾಕುವ ಮೊದಲೇ ನನ್ನ ಪಾಲನ್ನು ತೆಗೆದಿಟ್ಟು ಬೇರೆ ಡಬ್ಬಿಯಲ್ಲಿ ತರುತ್ತಿದ್ದರು.

ಒಂದು ಮಧ್ಯಾಹ್ನ ಲ್ಯಾಬಿನ ಮಾಲೀಕರು ನಮ್ಮ ಮೇಜಿನ ಹತ್ತಿರ ಬಂದರು. ಅವರು ಹುಟ್ಟಾ ಸಸ್ಯಾಹಾರಿ. ನಾವು ಊಟ ಮಾಡುವಾಗ ಆ ಕಡೆ ಸುಳಿಯುತ್ತಿದ್ದದ್ದೇ ಕಡಿಮೆ. ನನ್ನ ಡಬ್ಬಿಯಲ್ಲಿ ಗುಳ್ಳದ ಹುಳಿಯನ್ನು ಕಂಡು, "ಏನಮ್ಮ, ಬಿಟ್ಟುಬಿಟ್ಟಿರಾ?" ಎಂದರು. "ಹೌದು ಸರ್, ಹೆಚ್ಚು ಕಡಿಮೆ ಬಿಟ್ಟ ಹಾಗೆಯೇ" ಎಂದೆ. "ದೊಡ್ಡ ವಿಷಯ. ಆ ಮನಸ್ಸು ಎಲ್ಲರಿಗೂ ಬರುವುದಿಲ್ಲ" ಎಂದು ಹೇಳಿ ಹೋದರು. ಅಷ್ಟು ವರ್ಷ ನಾನು ಜೋಡಿಸಿದ ಸಾವಿರಾರು ಹಲ್ಲುಗಳಿಗೆ ಅವರ ಬಾಯಿಂದ ಬಾರದ ಮೆಚ್ಚುಗೆ ಒಂದು ಹೋಳು ಗುಳ್ಳಕ್ಕೆ ಬಂದಿತ್ತು. ನನಗೆ ಅದು ಹಿತವಾಯಿತು. ಎಷ್ಟು ಹಿತವಾಯಿತೆಂದರೆ, ಮಗಳ ಶಾಲೆಯ ಪೋಷಕರ ಎದುರು, ನೆರೆಮನೆಯವರ ಎದುರು ನಾನೇ ಆ ಮಾತನ್ನು ಎಳೆದು ತಂದು, "ನಾವೀಗ ಬಿಟ್ಟಿದ್ದೇವೆ" ಎನ್ನತೊಡಗಿದೆ. 'ಕಡಿಮೆ ಮಾಡಿದ್ದೇವೆ' ಎಂಬ ನಿಜವಾದ ಮಾತಿಗೆ ಅಷ್ಟು ಗೌರವ ಸಿಗುವುದಿಲ್ಲ. ಯಾರಾದರೂ ಕಾರಣ ಕೇಳಿದರೆ ರಕ್ತಪರೀಕ್ಷೆಯ ಮಾತು ಎತ್ತುತ್ತಿರಲಿಲ್ಲ. "ಯಾಕೋ ಜೀವ ತೆಗೆದು ತಿನ್ನುವುದು ಬೇಡ ಅನಿಸಿತು" ಎನ್ನುತ್ತಿದ್ದೆ. ಹಾಗೆ ಹೇಳಿದ ದಿನ ಮನೆಯಲ್ಲಿ ಬಂಗುಡೆ ಇದ್ದದ್ದೂ ಉಂಟು.

ಇದು ಬರೀ ಜಂಬ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ದಾರಿಯಿಂದ ಬಂತು.

ನನ್ನ ನಾದಿನಿಯ ಮನೆ ಕಾರ್ಕಳದಲ್ಲಿ. ಗಂಡನ ಒಬ್ಬಳೇ ತಂಗಿ, ಮಾತಿನಲ್ಲಿ ಚುರುಕು. ಈ ನಾಲ್ಕೈದು ವರ್ಷಗಳಲ್ಲಿ ಅವರ ಮನೆಯ ಮಾತುಕತೆಯ ಧಾಟಿ ಬದಲಾಗಿತ್ತು. ಮೊಬೈಲಿಗೆ ಬಂದದ್ದನ್ನೆಲ್ಲ ಊಟದ ಹೊತ್ತಿಗೆ ಓದಿ ಹೇಳುತ್ತಿದ್ದರು. ನಾನು ಹೂಡೆಯ ಅಕ್ಕನ ಮನೆಗೆ ಹಬ್ಬಕ್ಕೆ ಹೋಗಿದ್ದೆ ಎಂದು ಒಮ್ಮೆ ಮಗಳು ಬಾಯಿಬಿಟ್ಟಳು. ನಾದಿನಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ಅವರ ಮನೆಯ ಪಾತ್ರೆಯಲ್ಲಿ ಎಂತೆಲ್ಲ ಬೇಯುತ್ತದೆ ಅಂತ ನಿಮಗೆ ಗೊತ್ತುಂಟಾ ಅತ್ತಿಗೆ? ಕೋಳಿ ಅಂತ ಹೇಳಿ ಎಂತ ಬಡಿಸುತ್ತಾರೋ" ಎಂದಳು.

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ಇಷ್ಟು ವರ್ಷದಿಂದ ಉಂಡವಳು ನಾನು, ನನಗೆ ಗೊತ್ತು ಎನ್ನಬೇಕಿತ್ತು. ಹೇಳಲಿಲ್ಲ. "ನಾವು ಈಗ ಮಾಂಸವೇ ಕಡಿಮೆ ಮಾಡಿದ್ದೇವಲ್ಲ" ಎಂದು ಮಾತನ್ನು ಪಕ್ಕಕ್ಕೆ ಸರಿಸಿದೆ. ನಾದಿನಿಗೆ ಸಮಾಧಾನವಾಯಿತು. ಯಾರೊಂದಿಗೂ ಜಗಳವಾಗಲಿಲ್ಲ. ಈ ಉತ್ತರ ಎಷ್ಟು ಸಲೀಸು ಎಂದು ನನಗೆ ಆ ದಿನವೇ ಗೊತ್ತಾಯಿತು.

ಆಮೇಲೆ ಅದೇ ಉತ್ತರವನ್ನು ಅಕ್ಕನ ಎದುರೂ ಬಳಸಿದೆ. ನಾದಿನಿಯ ಮಾತನ್ನು ನಾನು ನಂಬಿದೆನೇ? ಇಲ್ಲ ಎಂದೇ ಎಷ್ಟೋ ಸಲ ನನಗೆ ನಾನು ಹೇಳಿಕೊಂಡಿದ್ದೇನೆ. ಆದರೆ ಅಕ್ಕ ಕೋಳಿ ಸಾರಿನ ಡಬ್ಬಿಯ ಮುಚ್ಚಳ ತೆಗೆದಾಗ ನನ್ನ ಕೈ ಮುಂದೆ ಹೋಗುತ್ತಿರಲಿಲ್ಲ. "ಇವತ್ತು ಬುಧವಾರ ಅಲ್ವಾ? ನಿನಗೆ ಆಗುವ ದಿನ" ಎಂದು ಅವರು ಕೇಳಿದರೆ, "ಬುಧವಾರವೂ ಬಿಟ್ಟೆ ಅಕ್ಕ" ಎಂದೆ. ಆಮೇಲೆ ಮಂಗಳವಾರ, ಶುಕ್ರವಾರ. ಮನೆಯಲ್ಲಿ ಆ ದಿನಗಳಲ್ಲಿ ಮೀನು ಬೇಯುತ್ತಲೇ ಇತ್ತು, ಬುತ್ತಿಗೆ ಮಾತ್ರ ತರುತ್ತಿರಲಿಲ್ಲ. ಪುಳಿಮುಂಚಿಯ ಸಾರು ಅವರಿಗೆ ಸಿಗದೆ ಎಷ್ಟು ದಿನವಾಯಿತು ಎಂದು ನಾನು ಯೋಚಿಸಲೂ ಇಲ್ಲ. ಅವರು ಏನೂ ಕೇಳದೆ ನನಗಾಗಿ ಕಡ್ಲೆ ಪಲ್ಯವನ್ನೋ, ಹೆಸರುಕಾಳನ್ನೋ ತರುತ್ತ ಹೋದರು.

ಹೀಗಿರುವಾಗ ಅವರ ಮಗಳ ಮದುವೆ ನಿಶ್ಚಯವಾಯಿತು. ಕರೆಯೋಲೆ ಕೊಡಲು ಗಂಡನೊಂದಿಗೆ ನಮ್ಮ ಮನೆಗೇ ಬಂದರು. ಚಹಾ ಕುಡಿದು ಏಳುವಾಗ ನನ್ನ ಕೈ ಹಿಡಿದು, "ನೀನು ಬರದೆ ಇರಬಾರದು. ಬಿರಿಯಾನಿ ತಿನ್ನುತ್ತೀಯಾ, ಬೇರೆ ಮಾಡಿಸಬೇಕಾ, ಸರಿಯಾಗಿ ಹೇಳು. ನನಗೆ ಎಂತ ತೊಂದರೆಯೂ ಇಲ್ಲ" ಎಂದರು.

ನನ್ನ ಗಂಡ ನನ್ನ ಮುಖ ನೋಡಿದರು. ಹಿಂದಿನ ಭಾನುವಾರವಷ್ಟೇ ನಾವು ಕೋಳಿ ತಿಂದಿದ್ದೆವು.

"ನಾನು ಪೂರಾ ಬಿಟ್ಟಿದ್ದೇನೆ ಅಕ್ಕ. ಮೀನೂ ಇಲ್ಲ" ಎಂದೆ.

"ಆಯಿತು. ಅದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು.

ಅವರು ಹೋದ ಮೇಲೆ ಗಂಡ, "ಹಾಗೆ ಯಾಕೆ ಹೇಳಿದ್ದು?" ಎಂದು ಕೇಳಿದರು. ಮದುವೆಯ ಗೌಜಿಯಲ್ಲಿ ಬಿರಿಯಾನಿ ನನಗೆ ಜೀರ್ಣವಾಗುವುದಿಲ್ಲ ಎಂದೆ. ಮದುವೆಯ ದಿನ ಅವರಿಗೆ ಕಚೇರಿಯಲ್ಲಿ ಲೆಕ್ಕ ತಪಾಸಣೆ ಇದ್ದದ್ದರಿಂದ ನಾನು ಲ್ಯಾಬಿನ ಇನ್ನೊಬ್ಬಳು ಹುಡುಗಿಯ ಜೊತೆ ಹೊರಟೆ. ಅವಳು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ನಮ್ಮ ಪೈಕಿಯವಳೇ, ಎಲ್ಲವನ್ನೂ ತಿನ್ನುವವಳು.

ಹಾಲ್ ತುಂಬಿತ್ತು. ಹೆಂಗಸರಿಗೆ ಬೇರೆ ಊಟದ ಕೋಣೆ. ಅಕ್ಕ ಹಸಿರು ಸೀರೆ ಉಟ್ಟು, ಬಂದವರನ್ನೆಲ್ಲ ಮಾತಾಡಿಸುತ್ತ ಬೆವರುತ್ತಿದ್ದರು. ನನ್ನನ್ನು ಕಂಡದ್ದೇ ಬಂದು ಕೈ ಹಿಡಿದು, ಊಟದ ಕೋಣೆಯ ಮೂಲೆಯಲ್ಲಿದ್ದ ಒಂದು ಮೇಜಿಗೆ ಕರೆದುಕೊಂಡು ಹೋದರು. ಅದಕ್ಕೆ ಬಿಳಿ ಬಟ್ಟೆ ಹಾಸಿ ಎರಡು ಬಾಳೆಲೆ ಇಟ್ಟಿದ್ದರು. ಪಕ್ಕದಲ್ಲಿ ನಾಲ್ಕು ಅಂತಸ್ತಿನ ಹೊಚ್ಚ ಹೊಸ ಸ್ಟೀಲ್ ಕ್ಯಾರಿಯರ್.

"ಉಡುಪಿಯ ಹೋಟೆಲಿನದ್ದು. ಇವರೇ ಬೆಳಿಗ್ಗೆ ಹೋಗಿ ತಂದದ್ದು" ಎಂದರು. ಮಗಳ ನಿಕಾಹ್ ದಿನ ಬೆಳಿಗ್ಗೆ, ಮನೆ ತುಂಬ ನೆಂಟರನ್ನು ಬಿಟ್ಟು, ಹುಡುಗಿಯ ಅಪ್ಪ ನನ್ನ ಊಟ ತರಲು ಉಡುಪಿಗೆ ಹೋಗಿ ಬಂದಿದ್ದರು. "ಕ್ಯಾರಿಯರ್ ಹೊಸದೇ. ನಮ್ಮ ಅಡುಗೆಗೆ ತಾಗಿದ್ದಲ್ಲ. ನೀನು ಯೋಚನೆ ಮಾಡಬೇಡ" ಎಂದು ತಗ್ಗಿದ ದನಿಯಲ್ಲಿ ಸೇರಿಸಿದರು.

ಎರಡು ಎಲೆ ಯಾಕೆ ಎಂದು ನಾನು ಕೇಳುವ ಮೊದಲೇ ಅವರು ನನ್ನ ಪಕ್ಕದಲ್ಲಿ ಕುಳಿತರು. "ನೀನೊಬ್ಬಳೇ ಕೂತು ಉಣ್ಣುವುದು ಚಂದ ಅಲ್ಲ. ನನಗೂ ಬೆಳಿಗ್ಗೆಯಿಂದ ಹೊಟ್ಟೆಗೆ ಎಂತ ಇಲ್ಲ" ಎಂದು ಎರಡೂ ಎಲೆಗಳಿಗೆ ಅನ್ನ ಬಡಿಸಿದರು. ಸಾರು, ಹುಳಿ, ಬೀನ್ಸ್ ಪಲ್ಯ, ಹೆಸರುಬೇಳೆ ಪಾಯಸ. ಸಾರು ತಣ್ಣಗಾಗಿತ್ತು. ಆಚೆ ಮೇಜುಗಳಿಗೆ ಬಿರಿಯಾನಿಯ ದೊಡ್ಡ ತಟ್ಟೆಗಳು ಬರುತ್ತಿದ್ದವು. ಹುರಿದ ಈರುಳ್ಳಿಯ, ತುಪ್ಪದ, ಪುದೀನದ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರಿತು. ಅದನ್ನು ನುಂಗಿಕೊಂಡೆ. ಲ್ಯಾಬಿನ ಹುಡುಗಿ ಅಕ್ಕನ ತಂಗಿಯರ ನಡುವೆ ಕುಳಿತು, ನಗುತ್ತ, ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು. ಯಾರೋ ಬಂದು ಅಕ್ಕನನ್ನು ಕರೆದರು, ಗಂಡಿನ ಕಡೆಯವರು ಊಟಕ್ಕೆ ಕೂತಿದ್ದಾರೆ ಎಂದು. "ಐದು ನಿಮಿಷ. ಇವಳ ಊಟ ಆಗಲಿ" ಎಂದರು. ಮಗಳ ಮದುವೆಯ ದಿನ ಆ ತಾಯಿ ಸ್ವಂತ ಮನೆಯ ಬಿರಿಯಾನಿಯನ್ನು ಬಿಟ್ಟು ನನ್ನ ಸುಳ್ಳಿನ ಪಕ್ಕದಲ್ಲಿ ಕೂತು ತಣ್ಣಗಿನ ಸಾರನ್ನ ಉಂಡರು. ನಾನು ಪಾಯಸವನ್ನೂ ಬಿಡದೆ ತಿಂದೆ. ಬಿಟ್ಟರೆ ಅವರಿಗೆ ಬೇಸರವಾದೀತು ಎಂದು.

ಮೂರು ವಾರ ಕಳೆಯಿತು. ಒಂದು ಭಾನುವಾರ ನಾದಿನಿಯ ಮನೆಗೆ ಹೋದೆವು. ಅವಳ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಕೆಟ್ಟಿತ್ತು. "ಇವತ್ತು ಹೊರಗೇ ಉಣ್ಣುವ" ಎಂದು ಅವಳ ಗಂಡ ಎಲ್ಲರನ್ನೂ ಪೇಟೆಯ ಒಂದು ಹೋಟೆಲಿಗೆ ಕರೆದುಕೊಂಡು ಹೋದರು. ಕೋರಿ ರೊಟ್ಟಿಗೆ ಹೆಸರಾದ ಹೋಟೆಲು. ನಾನು ಕೋರಿ ರೊಟ್ಟಿಯನ್ನೇ ಹೇಳಿದೆ. ಎರಡು ವಾರಕ್ಕೊಮ್ಮೆಯ ಲೆಕ್ಕದಲ್ಲಿ ಅದು ನನ್ನ ಕೋಳಿಯ ಭಾನುವಾರವೇ ಆಗಿತ್ತು. ನನ್ನ ಮಟ್ಟಿಗೆ ತಪ್ಪೇನೂ ಇರಲಿಲ್ಲ.

ಗರಿಗರಿ ರೊಟ್ಟಿಯನ್ನು ಮುರಿದು, ಮೇಲಿಂದ ಸಾರು ಹೊಯ್ದು, ಅದು ಮೆತ್ತಗಾಗಲು ಒಂದು ನಿಮಿಷ ಕಾದು, ಐದೂ ಬೆರಳು ಅದ್ದಿ ತಿನ್ನುತ್ತಿದ್ದೆ. ಎಲುಬಿನಿಂದ ಮಾಂಸ ಬಿಡಿಸಿ ಬಾಯಿಗಿಡುವಾಗ ತಲೆ ಎತ್ತಿದೆ. ಹಣ ಕಟ್ಟುವ ಗಲ್ಲೆಯ ಹತ್ತಿರ ಅಕ್ಕ ನಿಂತಿದ್ದರು. ಜೊತೆಗೆ ಮಗಳು, ಹೊಸ ಅಳಿಯ. ಆ ಗಲ್ಲೆಯಲ್ಲಿ ಒಣ ರೊಟ್ಟಿಯ ಪ್ಯಾಕೆಟ್ಟುಗಳನ್ನೂ ಮಾರುತ್ತಾರೆ. ಹೊಸ ಮದುಮಕ್ಕಳನ್ನು ಕರೆದುಕೊಂಡು ಕಾರ್ಕಳದ ನೆಂಟರ ಮನೆಗೆ ಹೊರಟವರು ರೊಟ್ಟಿ ಕೊಳ್ಳಲು ಒಳಗೆ ಬಂದಿದ್ದರು.

ನಮ್ಮ ಕಣ್ಣುಗಳು ಸೇರಿದವು. ನನ್ನ ಕೈಯಲ್ಲಿ ಎಲುಬು ಇತ್ತು. ತುಟಿಯ ಸುತ್ತ ಸಾರು ಇತ್ತು. ಅವರ ಮಗಳೂ ನನ್ನನ್ನು ನೋಡಿದಳು, ನೋಡಿ ಅಮ್ಮನ ಮುಖ ನೋಡಿದಳು. ಅವಳ ಬಾಯಿ ಏನೋ ಹೇಳಲು ತೆರೆದದ್ದು ನನಗೆ ಕಂಡಿತು. ಅಕ್ಕ ಅವಳ ತೋಳಿನ ಮೇಲೆ ಕೈಯಿಟ್ಟು, ಬಾಗಿಲ ಕಡೆಗೆ ತಿರುಗಿಸಿ, "ಇಲ್ಲಿ ರಶ್ ಉಂಟು. ಬೇರೆ ಅಂಗಡಿ ನೋಡುವ" ಎಂದರು. ಗಲ್ಲೆಯ ಎದುರು ಆಗ ಅವರ ಹೊರತು ಒಬ್ಬರೂ ಇರಲಿಲ್ಲ. ಮೂವರೂ ಹೊರಗೆ ಹೋದರು. ನನ್ನ ಗುಟ್ಟನ್ನು ನನ್ನ ಮನೆಯವರ ಎದುರು ಅವರು ಮುಚ್ಚಿಕೊಟ್ಟರು.

"ಯಾರದು, ನಿಮ್ಮ ಪರಿಚಯದವರಾ?" ಎಂದು ನಾದಿನಿ ಕೇಳಿದಳು.

"ಇಲ್ಲ" ಎಂದೆ.

ಈ 'ಇಲ್ಲ' ಎಂಬುದನ್ನು ಬರೆಯದೆ ಬಿಡುವ ಎಂದು ಬಹಳ ಯೋಚಿಸಿದೆ. ಕೋಳಿ ತಿಂದದ್ದಕ್ಕಿಂತ, ಸುಳ್ಳು ಹೇಳಿ ಮದುವೆಯ ಊಟ ಉಂಡದ್ದಕ್ಕಿಂತ ನನ್ನನ್ನು ಸುಡುವುದು ಈ ಎರಡಕ್ಷರ. ಗಂಡ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅಕ್ಕನ ಗುರುತು ಚೆನ್ನಾಗಿ ಇತ್ತು. ಅವರೂ ನನ್ನ ಮಾತನ್ನು ತಿದ್ದಲಿಲ್ಲ.

ಸೋಮವಾರ ಅಕ್ಕ ಎಂದಿನಂತೆ ಲ್ಯಾಬಿಗೆ ಬಂದು, ಕೋಟು ಹಾಕಿಕೊಂಡು, ಪಾಲಿಶ್ ಯಂತ್ರ ಚಾಲೂ ಮಾಡಿದರು. ಮಧ್ಯಾಹ್ನ ಕೈತೊಳೆದು ಬಂದು ನನ್ನ ಎದುರಿಗೆ ಡಬ್ಬಿ ಇಟ್ಟರು. "ಕಡ್ಲೆ ಪಲ್ಯ ಉಂಟು" ಎಂದರು. ಅವರು ಕೋಪಿಸಿಕೊಳ್ಳುತ್ತಾರೆ ಎಂದು ನಾನು ತಯಾರಾಗಿ ಹೋಗಿದ್ದೆ. ಪಲ್ಯಕ್ಕೆ ತಯಾರಾಗಿರಲಿಲ್ಲ. ಮಂಗಳವಾರ ಹೆಸರುಕಾಳು. ಬುಧವಾರ ತೊಂಡೆಕಾಯಿ. ಬುಧವಾರ ನನ್ನಿಂದ ತಡೆಯಲಾಗಲಿಲ್ಲ. ಲ್ಯಾಬಿನ ಆ ಹುಡುಗಿ ಊಟ ಮುಗಿಸಿ ಏಳುವುದನ್ನೇ ಕಾದು, "ಅಕ್ಕ, ಮೊನ್ನೆ ಕಾರ್ಕಳದಲ್ಲಿ" ಎಂದು ಶುರುಮಾಡಿದೆ.

ಅವರು ತಲೆ ಎತ್ತಲಿಲ್ಲ. ಡಬ್ಬಿಯ ಅಂಚನ್ನು ಬೆರಳಿನಿಂದ ಒರೆಸುತ್ತ ಹೇಳಿದರು. "ಕೋಳಿ ತಿಂದದ್ದಕ್ಕೆ ನನಗೆ ಎಂತ ಬೇಜಾರು? ನಿಮ್ಮ ಬಾಯಿ, ನಿಮ್ಮ ಹೊಟ್ಟೆ."

'ನಿಮ್ಮ' ಎಂದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

"ಡಾಕ್ಟರು ಹೇಳಿದ್ದು ನಿಜ ಅಕ್ಕ. ಕಡಿಮೆ ಮಾಡಿದ್ದೂ ನಿಜ. ಆದರೆ ಪೂರಾ..."

"ನನಗೆ ಮೊದಲೇ ಗೊತ್ತಿತ್ತು" ಎಂದರು. "ಬುಧವಾರ ಬಿಟ್ಟೆ ಅಂದಾಗಲೇ. ಬೆಳಿಗ್ಗೆ ನೀವು ಬರುವಾಗ ಕೈಗೆ ಮೀನಿನ ವಾಸನೆ ಇರುತ್ತಿತ್ತು. ನಾನೂ ಮೀನು ತೊಳೆಯುವವಳೇ ಅಲ್ವಾ? ನಮ್ಮ ಮನೆಯದ್ದು ಬೇಡ ಅಂತ ಆಗಿರಬೇಕು ಅಂತ ಎಣಿಸಿದೆ. ಈಗ ತುಂಬ ಜನ ಹಾಗೆ. ನೀವೊಬ್ಬರೇ ಅಲ್ಲ. ಅದಕ್ಕೇ ಕ್ಯಾರಿಯರ್ ಹೊಸದು ತಂದದ್ದು."

ಅವರು ನೀರು ಕುಡಿದು ಲೋಟ ಕೆಳಗಿಟ್ಟರು.

"ಒಂದೇ ಕೇಳುತ್ತೇನೆ. ಇಷ್ಟು ವರ್ಷದಲ್ಲಿ ನಿಮಗೆ ಹೇಳದೆ ನಾನು ಎಂತಾದರೂ ತಿನ್ನಿಸಿದ್ದುಂಟಾ?"

"ಇಲ್ಲ ಅಕ್ಕ."

"ನಮ್ಮ ಮನೆಯದ್ದು ಬೇಡ ಅಂತ ನೇರ ಹೇಳಿದ್ದರೆ ಆಗುತ್ತಿತ್ತು. ಊಟ ಆಗಲೂ ಉಡುಪಿಯಿಂದಲೇ ತರಿಸುತ್ತಿದ್ದೆ" ಎಂದು ಡಬ್ಬಿ ಮುಚ್ಚಿ ಎದ್ದರು. ಆ ಮಧ್ಯಾಹ್ನವೆಲ್ಲ ನಾನು ಜೋಡಿಸಿದ ಹಲ್ಲುಗಳ ಸಾಲು ಡೊಂಕಾಗಿತ್ತು. ಸಂಜೆ ಮೇಣ ಕರಗಿಸಿ ಮತ್ತೆ ಮೊದಲಿನಿಂದ ಜೋಡಿಸಬೇಕಾಯಿತು.

ಮರುದಿನದಿಂದ ಅವರು ನನಗಾಗಿ ಏನನ್ನೂ ತರಲಿಲ್ಲ. ಊಟಕ್ಕೆ ಅದೇ ಮೇಜಿಗೆ ಬರುತ್ತಿದ್ದರು, ಮಾತಾಡುತ್ತಿದ್ದರು. ಅವರ ಡಬ್ಬಿ ಅವರ ಎದುರು, ನನ್ನ ಡಬ್ಬಿ ನನ್ನ ಎದುರು. ನಾನು ಒಂದು ದಿನ ಪುಳಿಮುಂಚಿ ಮಾಡಿಕೊಂಡು ಹೋದೆ. "ಹೊಟ್ಟೆ ತುಂಬಿತು" ಎಂದರು. ಎಲ್ಲರೂ ಇದ್ದಾಗ ಒಮ್ಮೆ ನಾನು ದನಿ ಎತ್ತಿ, "ನಾನು ಪೂರಾ ಬಿಟ್ಟವಳಲ್ಲ, ಮೀನು ತಿನ್ನುತ್ತೇನೆ, ಕೋಳಿಯೂ ತಿನ್ನುತ್ತೇನೆ, ಮೊದಲು ಹೇಳಿದ್ದು ಸುಳ್ಳು" ಎಂದೆ. ಮಾಲೀಕರು ನಕ್ಕು, "ಇರಲಿ ಬಿಡಿ, ಅಷ್ಟಾದರೂ ಕಡಿಮೆ ಮಾಡಿದಿರಲ್ಲ" ಎಂದರು. ಅಕ್ಕ ನಗಲಿಲ್ಲ. ತಪ್ಪನ್ನು ಒಪ್ಪಿಕೊಂಡದ್ದಕ್ಕೂ ಅಲ್ಲಿ ನನಗೆ ಮೆಚ್ಚುಗೆಯೇ ಸಿಕ್ಕಿತು. ನಿಜವಾಗಿ ಏನು ತಪ್ಪು ಮಾಡಿದೆ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ನಾದಿನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಎರಡು ತಿಂಗಳು ತಡಮಾಡಿದೆ. ಕೊನೆಗೆ ಅವಳು ನಮ್ಮ ಮನೆಗೆ ಬಂದಾಗ, ಹೋಟೆಲಿನಲ್ಲಿ ಕಂಡವರು ನನ್ನ ಜೊತೆ ಹದಿನೆಂಟು ವರ್ಷದಿಂದ ಕೆಲಸ ಮಾಡುವವರು, ಅವರ ಮನೆಯಲ್ಲಿ ನಾನು ಉಂಡದ್ದು ಕೋಳಿಯೇ ಎಂದೆ. ನಾದಿನಿ, "ನಾನು ಎಂತ ಹೇಳಿದ್ದೆ ಈಗ?" ಎಂದಳು. ಅವಳಿಗೆ ತಾನು ಆಡಿದ ಮಾತು ನೆನಪೇ ಇರಲಿಲ್ಲ. ಅವಳು ಹೇಳಿ ಮರೆತದ್ದನ್ನು ನಾನು ಎರಡು ವರ್ಷ ಪಾಲಿಸಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮನೆಯಲ್ಲೇ ಉಳಿದರು. ಹತ್ತು ದಿನ ಕಳೆದರೂ ಬರಲಿಲ್ಲ. ಒಂದು ರಜಾದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಹೂಡೆಗೆ ಹೋದೆ. ಹೋಗುವಾಗ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಊಟದ ಹೊತ್ತಿಗೇ ಹೋಗಬೇಕು. ಅವರ ಮನೆಯಲ್ಲಿ ಏನು ಮಾಂಸ ಮಾಡಿದ್ದರೂ ಕೇಳಿ ಹಾಕಿಸಿಕೊಂಡು ಉಣ್ಣಬೇಕು. ನನ್ನ ಎರಡು ವಾರದ ಲೆಕ್ಕವೆಲ್ಲ ಆ ದಿನಕ್ಕೆ ಬೇಡ.

ಅಕ್ಕ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ನನ್ನನ್ನು ಕಂಡು ಆಶ್ಚರ್ಯಪಟ್ಟರು, ಆದರೆ ಕೂರಲು ಹೇಳಿದರು. ಚಹಾ ಬಂತು. ಕಾಲಿನ ವಿಷಯ, ಮಗಳ ವಿಷಯ ಎಲ್ಲ ಆಯಿತು. ನಾನು ನಾಚಿಕೆ ಬಿಟ್ಟು, "ಅಕ್ಕ, ಹಸಿವಾಗುತ್ತಾ ಉಂಟು. ಊಟ ಇದ್ದರೆ ಹಾಕುತ್ತೀರಾ?" ಎಂದೆ.

ಅವರು ಅಡುಗೆಮನೆಯ ಕಡೆ ನೋಡಿದರು. "ಗಂಜಿ ಉಂಟು. ಬಾಳೆಕಾಯಿ ಪಲ್ಯ, ಉಪ್ಪಿನಕಾಯಿ. ಆಗುತ್ತದಾ?"

"ಬೇರೆ ಎಂತ ಮಾಡಲಿಲ್ಲವಾ ಇವತ್ತು?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ನಾವು ದಿನಾ ಮಾಂಸ ತಿನ್ನುವವರು ಅಂತ ಎಣಿಸಿದ್ದೀರಾ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯಿತು. ಕಿಡ್ನಿ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ವಾರಕ್ಕೊಮ್ಮೆ ಮಾತ್ರ. ಅದೂ ಒಮ್ಮೊಮ್ಮೆ ಇಲ್ಲ. ಡಬ್ಬಿಗೆ ಕೋಳಿ ಸಾರು ತರುತ್ತಿದ್ದದ್ದು ನಿಮಗೆ ಇಷ್ಟ ಅಂತ. ನನಗೂ ಮನೆಯಲ್ಲಿ ಒಬ್ಬಳೇ ತಿನ್ನಲಿಕ್ಕೆ ಆಗುತ್ತಿರಲಿಲ್ಲ."

ಆರು ವರ್ಷ. ನಾನು ನನ್ನ ಸೋಮವಾರ, ಗುರುವಾರಗಳನ್ನು ಅವರೆದುರು ಒಪ್ಪಿಸುತ್ತಿದ್ದ ಅದೇ ವರ್ಷಗಳಲ್ಲಿ ಅವರ ಮನೆಯಲ್ಲೂ ಮಾಂಸ ಕಡಿಮೆಯಾಗುತ್ತಿತ್ತು. ಅವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಅವರ ಗಂಡನ ಆರೋಗ್ಯ ಹೇಗಿದೆ ಎಂದು ನಾನು ಆ ಆರು ವರ್ಷದಲ್ಲಿ ಒಂದು ಸಲವೂ ಸರಿಯಾಗಿ ಕೇಳಿರಲಿಲ್ಲ. ಅವರ ಮನೆಯ ಒಲೆಯ ಮೇಲೆ ಏನು ಬೇಯುತ್ತದೆ ಎಂದು ನಾದಿನಿ ಸುಮ್ಮನೆ ಊಹಿಸಿದ್ದಳು. ನಾನೂ ಬಸ್ಸಿನಲ್ಲಿ ಕೂತು ಊಹಿಸಿಕೊಂಡೇ ಬಂದಿದ್ದೆ.

ಗಂಜಿ ಬಿಸಿಯಾಗಿತ್ತು. ಅಕ್ಕ ಕೂತಲ್ಲಿಂದಲೇ ಉಪ್ಪಿನಕಾಯಿಯ ಬಾಟಲಿಯನ್ನು ನನ್ನ ಕಡೆಗೆ ಸರಿಸಿದರು. ನಾನು ಎರಡು ಬಟ್ಟಲು ಉಂಡೆ. ಕ್ಷಮೆ ಕೇಳಬೇಕು ಎಂದುಕೊಂಡು ಬಂದಿದ್ದೆ, ಬಾಯಿಗೆ ಬರಲಿಲ್ಲ. ಬಟ್ಟಲು ತೊಳೆಯಲು ಎದ್ದರೆ, "ಇರಲಿ, ಅಲ್ಲಿಡಿ" ಎಂದರು. ಆ ಮನೆಯಲ್ಲಿ ಮೊದಲೆಲ್ಲ ನನ್ನ ಬಟ್ಟಲನ್ನು ನಾನೇ ತೊಳೆಯುತ್ತಿದ್ದೆ.

ಅವರು ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಈಗಲೂ ನನ್ನನ್ನು 'ನೀವು' ಎಂದೇ ಕರೆಯುತ್ತಾರೆ. ಒಮ್ಮೊಮ್ಮೆ ನಾನು ಕೊಟ್ಟದ್ದನ್ನು ಒಂದು ಚಮಚದಷ್ಟು ಹಾಕಿಸಿಕೊಳ್ಳುತ್ತಾರೆ, ಒಮ್ಮೊಮ್ಮೆ ಬೇಡ ಎನ್ನುತ್ತಾರೆ. ಅವರ ಗಂಡನ ರಕ್ತಪರೀಕ್ಷೆ ಯಾವಾಗ ಎಂದು ನಾನು ಕೇಳಿ ತಿಳಿದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಕೋಳಿ ಈಗ ತಿಂಗಳಿಗೊಮ್ಮೆ ಆಗಿದೆ, ಮೀನು ವಾರಕ್ಕೆರಡು ದಿನ. ಗಂಡನ ಎದೆ ಹಿಡಿಯುವುದು ನಿಂತಿದೆ. ಯಾರಾದರೂ ಊಟಕ್ಕೆ ಕರೆದು, "ನೀವು ಮಾಂಸ ತಿನ್ನುತ್ತೀರಾ?" ಎಂದು ಕೇಳಿದರೆ ಹೌದು ಎನ್ನುತ್ತೇನೆ.